ಒತ್ತಡ ಅಳೆದರಷ್ಟೇ ಗ್ಲಾಕೋಮಾ ಸಿಗದು: ಕಲಬುರಗಿ ಹಳ್ಳಿಗಳಲ್ಲಿ ನಮ್ಮ ತಪಾಸಣೆ

ಗ್ಲಾಕೋಮಾ ಎಂದರೆ ಕಣ್ಣಿನ ನರ ಹಾಳಾಗಿ ದೃಷ್ಟಿ ಕಳೆಯುವ ಕಾಯಿಲೆ. ಅದಕ್ಕೆ ಕಣ್ಣಿನ ಒತ್ತಡವನ್ನಷ್ಟೇ ನೋಡಿ 'ನಾರ್ಮಲ್' ಎಂದು ಬರೆದುಕೊಡುವ ಶಿಬಿರಗಳೇ ಹೆಚ್ಚು. 1991ರಲ್ಲಿ ಪ್ರಕಟವಾದ ಅಮೆರಿಕದ ಬಾಲ್ಟಿಮೋರ್ ಸಮೀಕ್ಷೆಯಲ್ಲಿ ತೆರೆದ ಕೋನದ ಗ್ಲಾಕೋಮಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ ಕಾರ್ನಿಯಾ, ಬಣ್ಣದ ಐರಿಸ್ ಸೇರುವ ಮೂಲೆಯೇ ಕೋನ; ಕಣ್ಣಿನೊಳಗಿನ ದ್ರವ ಹೊರಹೋಗುವುದು ಅಲ್ಲಿ) ಬಿಳಿಯರಿಗಿಂತ ಕಪ್ಪು ಜನರಲ್ಲಿ ನಾಲ್ಕೈದು ಪಟ್ಟು ಇತ್ತು. ಆದರೆ ಕಾಯಿಲೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒತ್ತಡ ಒಮ್ಮೆ ಅಳೆದಾಗ 22 ಎಂಎಂ ಪಾದರಸಕ್ಕಿಂತ ಕೆಳಗೇ, ಅಂದರೆ 'ನಾರ್ಮಲ್' ಎನ್ನುವಷ್ಟೇ ಇತ್ತು. ನಮ್ಮವರಲ್ಲಿ ಇನ್ನೊಂದು ತೊಡಕು: ಬಿಳಿಯರಲ್ಲಿ ಕಡಿಮೆ ಕಾಣುವ ಮುಚ್ಚಿದ ಕೋನದ ಬಗೆ ಭಾರತೀಯರಲ್ಲಿ ಸಾಕಷ್ಟಿದೆ, ಅದೂ ಹೆಂಗಸರಲ್ಲಿ ಹೆಚ್ಚು. ಹಾಗಾಗಿ ನಾವು ಮೊದಲು ನೋಡುವುದು ಕೋನವನ್ನು.

ತೊಗರಿ ರಾಶಿ ಮುಗಿದ ಮೇಲೆಯೇ ಶಿಬಿರ ಇಡುತ್ತೇವೆ. ಸುಗ್ಗಿಯಲ್ಲಿ ಯಾರೂ ಬರುವುದಿಲ್ಲ. ಊರಿಗೆಲ್ಲ ಡಂಗುರ ಸಾರಿಸುವುದು ದಂಡ. 40 ದಾಟಿದವರನ್ನೂ, ಈಗಾಗಲೇ ಗ್ಲಾಕೋಮಾಗೆ ಹನಿ ಹಾಕುತ್ತಿರುವವರ ಒಡಹುಟ್ಟಿದವರು, ಮಕ್ಕಳನ್ನೂ ಆಶಾ ಕಾರ್ಯಕರ್ತೆಯರು ಹೆಸರು ಹಿಡಿದು ಕರೆತರುತ್ತಾರೆ.

ಕಣ್ಣು ನೋಡುವ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನ ಸಣ್ಣ ಬೆಳಕಿನ ಗೆರೆಯನ್ನು ಕಿವಿಯ ಕಡೆಯಿಂದ 60 ಡಿಗ್ರಿಯಲ್ಲಿ ಕಾರ್ನಿಯಾದ ಅಂಚಿಗೆ ಬಿಡುತ್ತೇವೆ. ಕಾರ್ನಿಯಾ, ಐರಿಸ್ ನಡುವಿನ ಕಪ್ಪು ಜಾಗ ಕಾರ್ನಿಯಾದ ದಪ್ಪದ ಕಾಲುಭಾಗವೋ ಅದಕ್ಕೂ ಕಡಿಮೆಯೋ ಇದ್ದರೆ ಚೀಟಿಗೆ ಕೆಂಪು ಗುರುತು. ಗೋನಿಯೋಸ್ಕೋಪಿ (ಕಣ್ಣಿಗೆ ಕನ್ನಡಿಯ ಲೆನ್ಸ್ ಇಟ್ಟು ಕೋನವನ್ನೇ ನೋಡುವುದು) ಆಗುವವರೆಗೆ ಅಂಥವರಿಗೆ ಪಾಪೆ ಹಿಗ್ಗಿಸುವ ಹನಿ ಹಾಕಕೂಡದು. ಕಿರಿದಾದ ಕೋನ ಮುಚ್ಚಿ ಒತ್ತಡ ಒಮ್ಮೆಲೇ ಏರಬಹುದು.

ಗೋನಿಯೋಸ್ಕೋಪಿಗೆ ಕತ್ತಲು ಬೇಕು. ಶಾಲೆಯ ಕೋಣೆಯಾದರೆ ಕಿಟಕಿಗೆ ಕಂಬಳಿ ಕಟ್ಟಿಸುತ್ತೇವೆ. ಬೆಳಕು ಪಾಪೆಯ ಮೇಲೆ ಬಿದ್ದರೆ ಅದು ಕುಗ್ಗಿ, ಮುಚ್ಚಿದ ಕೋನವೂ ತೆರೆದಂತೆ ಕಾಣುತ್ತದೆ. ಲೆನ್ಸನ್ನು ಒತ್ತಿ ಹಿಡಿದರೂ ಅದೇ ಮೋಸ. ಕೋನದಲ್ಲಿ ದ್ರವ ಸೋಸಿ ಹೋಗುವ ಟ್ರಾಬೆಕ್ಯುಲರ್ ಜಾಲರಿಯ ಹಿಂಭಾಗ 180 ಡಿಗ್ರಿಯಷ್ಟು ಕಾಣದಿದ್ದರೆ ಐರಿಸ್‌ಗೆ ಸಣ್ಣ ತೂತು ಮಾಡುವ ಲೇಸರ್ ಬೇಕೇ ಎಂದು ತಜ್ಞರಲ್ಲಿ ಕೇಳಲು ಕಳಿಸುತ್ತೇವೆ.

ಒತ್ತಡ ಅಳೆಯುವಾಗ ಕಣ್ಣಿಗೆ ಹಾಕುವ ಫ್ಲೋರೆಸೀನ್ ಬಣ್ಣ ಹೆಚ್ಚಾದರೆ ಯಂತ್ರದಲ್ಲಿ ಕಾಣುವ ಅರ್ಧವೃತ್ತಗಳು ದಪ್ಪಗಾಗಿ ಅಂಕೆ ಏರುತ್ತದೆ. ಉಸಿರು ಬಿಗಿಹಿಡಿದರೂ, ಕಾಲರ್ ಬಿಗಿಯಾಗಿದ್ದರೂ ಹಾಗೆಯೇ. ತೆಳು ಕಾರ್ನಿಯಾದಲ್ಲಿ ಉಲ್ಟಾ, ಅಂಕೆ ಕಡಿಮೆ ತೋರುತ್ತದೆ. ಆದ್ದರಿಂದ ಕೋನ ತೆರೆದಿರುವವರಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿ, 90 ಡಯಾಪ್ಟರ್ ಲೆನ್ಸಿನಲ್ಲಿ ನರದ ತಟ್ಟೆ (ಕಣ್ಣಿನ ಹಿಂಬದಿಯಲ್ಲಿ ನರ ಹೊರಡುವ ಜಾಗ) ನೋಡುವುದು ತಪ್ಪದು. ತಟ್ಟೆಗೆ ಹೋಲಿಸಿದರೆ ಅದರ ನಡುವಿನ ಕುಳಿಯ ಅನುಪಾತ 0.7 ಮುಟ್ಟಿದರೆ, ಇಲ್ಲವೇ ಎರಡು ಕಣ್ಣಿಗೆ 0.2 ವ್ಯತ್ಯಾಸವಿದ್ದರೆ ದೃಷ್ಟಿಕ್ಷೇತ್ರ ಪರೀಕ್ಷೆಗೆ ಚೀಟಿ. ತಟ್ಟೆಯೇ ದೊಡ್ಡದಿದ್ದರೆ ಕುಳಿಯೂ ದೊಡ್ಡದೇ, ಅದಕ್ಕೆ ಅಂಚಿನ ದಪ್ಪವನ್ನೂ ಬರೆಯುತ್ತೇವೆ.

ಕೊನೆಗೆ, ತುರಿಕೆಗೆಂದು ಮೆಡಿಕಲ್ ಅಂಗಡಿಯಿಂದ ತಂದು ವರ್ಷಗಟ್ಟಲೆ ಹಾಕುವ ಹನಿಯ ಬಾಟಲಿಯನ್ನು ಜೊತೆಗೆ ತರಲು ಹೇಳುತ್ತೇವೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಹೆಸರಿದ್ದರೆ ಒತ್ತಡ ಏರಿದ್ದಕ್ಕೆ ಕಾರಣ ಅಲ್ಲೇ ಇರಬಹುದು. ಒತ್ತಡ ಇಳಿಸುವ ಟಿಮೊಲಾಲ್ ಹನಿ ಬರೆಯುವ ಮುನ್ನ ದಮ್ಮು ಇದೆಯೇ ಎಂದು ಕೇಳಲೇಬೇಕು, ಅದು ದಮ್ಮನ್ನು ಹೆಚ್ಚಿಸಬಹುದು.