‘ಇಸು’ ಪ್ರತ್ಯಯ ಹಿಡಿದು ಅತ್ತಿಮಬ್ಬೆಯ ಬೆನ್ನು ಹತ್ತಿದೆ

“ಕ್ರಿಯಾಪದ ಎಣಿಸಿ ಹೆಣ್ಣಿನ ಕರ್ತೃತ್ವ ಅಳೆಯೋಕಾಗುತ್ತಾ?” ಅಂತ ಸೆಮಿನಾರಿನಲ್ಲಿ ಹಿರಿಯರೊಬ್ಬರು ಕೇಳಿದ್ದರು. ಹಳಗನ್ನಡ ಕಾವ್ಯಗಳಲ್ಲಿ ಹೆಣ್ಣು ತಾನಾಗಿ ಏನೇನು ಮಾಡುತ್ತಾಳೆ ಅಂತ ಎಣಿಸುವುದು ನನ್ನ ಕೆಲಸ. ಆಗುತ್ತದೆ. ಮೂರು ವರ್ಷ ಹಿಡಿಯಿತು, ಹತ್ತಿರ ಹತ್ತಿರ 20 ಸಾವಿರ ರೂಪಾಯಿ ಹೋಯಿತು, ಆದರೂ ಆಗುತ್ತದೆ.

ಮೊದಲು ಕೆಲಸ ಬೇಗ ಮುಗಿಯಲೆಂದು ಹೊಸಗನ್ನಡ ಗದ್ಯಾನುವಾದ ಇಟ್ಟುಕೊಂಡು ಕೂತೆ. ಎಕ್ಸೆಲ್‌ಗೆ ತುಂಬಿಸಿದವರಿಗೇ ಆರೇಳು ಸಾವಿರ ಕೊಟ್ಟೆ. ಮೂಲದ ಜೊತೆ ತಾಳೆ ನೋಡಿದಾಗ ಎದೆ ಧಸಕ್ಕೆಂದಿತು: ‘ಮಾಡಿಸಿದಳ್’ ಇದ್ದಲ್ಲಿ ಅನುವಾದದಲ್ಲಿ ‘ಆಯಿತು’. ಹೆಣ್ಣು ವಾಕ್ಯದಿಂದಲೇ ಮಾಯ. ಅಷ್ಟೂ ಹಾಳೆ ರದ್ದಿಗೆ ಹೋಯಿತು.

ಎರಡನೇ ಸಲ ಮೂಲವನ್ನೇ ಹಿಡಿದೆ. ಮೂರು ಬಣ್ಣದ ಪೆನ್ಸಿಲ್: ತಾನೇ ಮಾಡಿದ್ದು, ಮಾಡಿಸಿದ್ದು, ಬರೀ ವರ್ಣನೆ. ‘ಮಾಡಿಸು’, ‘ಕಟ್ಟಿಸು’ಗಳಲ್ಲಿರುವ, ಬೇರೆಯವರಿಂದ ಮಾಡಿಸುವ ಅರ್ಥದ ‘ಇಸು’ ಹತ್ತಿದ್ದಕ್ಕೆ ಅರ್ಧ ಅಂಕ, ಕೈಯಾರೆ ಮಾಡಿದ್ದಲ್ಲವಲ್ಲ ಅಂತ. ದೊಡ್ಡ ತಪ್ಪು ಅದೇ. ಚಾಲುಕ್ಯರ ಕಾಲದ ದಾನಶೀಲೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಯಿಸಿದಳು, 1500 ಜಿನಬಿಂಬ ಮಾಡಿಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, 993ರಲ್ಲಿ ರನ್ನನಿಂದ ಅಜಿತಪುರಾಣ ಬರೆಯಿಸಿದಳು. ಕೆರೆ ಕಟ್ಟಿಸಿದ ದೊರೆಗೆ ಪೂರ್ಣ ಅಂಕ ಕೊಡುವವರು ಈಕೆಗೇಕೆ ಅರ್ಧ ಕೊಡಬೇಕು? ಪೂರ್ಣ ಕೊಟ್ಟ ದಿನ ಪಟ್ಟಿಯ ಮುಖವೇ ಬದಲಾಯಿತು.

ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ ಮಾತ್ರ ನಿದ್ದೆ ಕೆಡಿಸಿದಳು. ಅಕ್ಕ ತಂಗಿ ಇಬ್ಬರೂ ನಾಗದೇವನ ಹೆಂಡತಿಯರು. ಅವನು ಸತ್ತಾಗ ತಂಗಿ ಚಿತೆಯೇರಿದಳು, ಅಕ್ಕ ಉಳಿದು ಮಗನನ್ನು ಬೆಳೆಸಿದಳು. ವ್ಯಾಕರಣದ ಲೆಕ್ಕಕ್ಕೆ ‘ಏರಿದಳು’ ಅಪ್ಪಟ ಕರ್ತರಿ, ಅಂದರೆ ತಾನೇ ಮಾಡಿದ್ದು. ಅದನ್ನು ಅವಳ ಖಾತೆಗೆ ಹಾಕಲು ಕೈ ಬರಲಿಲ್ಲ. ಎರಡು ತಿಂಗಳ ಮೇಲೆ ಬೇರೆ ಅಂಕಣ ಎಳೆದೆ: ಹೊಗಳುವುದಕ್ಕೆಂದೇ ಕೊಟ್ಟ ಕ್ರಿಯೆ.

ಜನ್ನನ ಯಶೋಧರಚರಿತೆಯಲ್ಲಿ (1209) ತದ್ವಿರುದ್ಧ. ರಾಣಿ ಅಮೃತಮತಿ ಹಾಡು ಕೇಳುತ್ತಾಳೆ, ಗಂಡನ ಮಗ್ಗುಲಿನಿಂದ ಏಳುತ್ತಾಳೆ, ಮಾವುತ ಅಷ್ಟಾವಂಕನ ಬಳಿ ಹೋಗುತ್ತಾಳೆ, ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ದಾನಶೀಲೆಗೆ ‘ಇಸು’, ಪಾಪಿಗೆ ನೇರ ಕ್ರಿಯೆ! ಇದನ್ನು ಕಂಡುಕೊಂಡದ್ದು ನಾನೇ ಎಂಬ ಹೆಮ್ಮೆ ನನಗಿದೆ.

ನಡುವೆ ಹೊಯ್ಸಳ ರಾಣಿ ಶಾಂತಲೆಯ ಬಿರುದುಗಳನ್ನೂ ಎಣಿಸಲು ಹೋದೆ. ಶ್ರವಣಬೆಳಗೊಳದಲ್ಲಿ ಆಕೆ ಕಟ್ಟಿಸಿದ ಬಸದಿಗೂ ‘ಸವತಿಗಂಧವಾರಣ’ ಅಂತಲೇ ಹೆಸರು. ಸವತಿಯರೆಂಬ ಆನೆಗಳಿಗೆ ಮದಗಜ. ಎಂಥ ಗತ್ತು! ಆದರೆ ಬಿರುದಿಗೆ ಕ್ರಿಯಾಪದವಿಲ್ಲ. ಓಡಾಟದ ಖರ್ಚು ದಂಡವಾಯಿತು.

ಗದ್ಯ ಪದ್ಯ ಬೆರೆತ ಚಂಪುವಿನ ಉದ್ದುದ್ದ ಗದ್ಯದಲ್ಲಿ ಕರ್ತೃ ಲೋಪವಾದಾಗ ಹೇಗೆ ಹಿಡಿಯುತ್ತೇನೆ ಅನ್ನುವುದನ್ನು ಲೇಖನ ಅಚ್ಚಾಗುವವರೆಗೆ ಹೇಳುವುದಿಲ್ಲ. ಹೋದ ತಿಂಗಳು ಆ ಹಿರಿಯರೇ ತಮ್ಮ ವಿದ್ಯಾರ್ಥಿನಿಯನ್ನು ನನ್ನ ಬಳಿ ಕಳಿಸಿದ್ದರು. ಮೂರು ಪೆನ್ಸಿಲ್ ಕೊಟ್ಟು, “ಗದ್ಯಾನುವಾದ ಮುಚ್ಚಿಡಮ್ಮ” ಎಂದೆ.