ಸ್ಟಾರ್ಟ್ ಆದೊಡನೆ ರೇಸ್ ಆಗುವ ಹಳೇ ಕಾರು: ಸ್ಕ್ರೂ ಮುಟ್ಟುವ ಮುಂಚೆ

ಹಳೇ ಕಾರಿನ ಐಡ್ಲಿಂಗ್ (ಪೆಡಲ್ ಮುಟ್ಟದಿದ್ದಾಗ ಎಂಜಿನ್ ತಿರುಗುವ ವೇಗ) ಜಾಸ್ತಿಯಾಗಿದೆ ಎಂದು ಹೇಳಿದರೆ ಎಷ್ಟೋ ಗ್ಯಾರೇಜುಗಳಲ್ಲಿ ಮೊದಲು ಹೊರಬರುವುದು ಸ್ಕ್ರೂಡ್ರೈವರ್. ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಬಾಗಿಲು) ಪಕ್ಕದ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿದರೆ ಸದ್ದೇನೋ ಇಳಿಯುತ್ತದೆ. ಆಮೇಲೆ ಒಂದು ದಿನ ಸಿಗ್ನಲ್‌ನಲ್ಲಿ ಎಸಿ ಹಾಕಿದೊಡನೆ ಕಾರು ಆಫ್ ಆಗುತ್ತದೆ. ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಆ ಸ್ಕ್ರೂ ಕಾರ್ಖಾನೆಯಲ್ಲೇ ಹೊಂದಿಸಿಟ್ಟದ್ದು. ಅದು ಐಡ್ಲಿಂಗ್ ಇಳಿಸಲು ಇರುವುದಲ್ಲ, ಥ್ರಾಟಲ್ ಪ್ಲೇಟು ಗೋಡೆಗೆ ಸಿಕ್ಕಿಕೊಳ್ಳದಂತೆ ತಡೆಯಲು ಇರುವುದು.

ಪೆಟ್ರೋಲ್ ಎಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟು ಓಡುತ್ತದೆ. ಕಾಲಿಡದೆ ರೇಸ್ ಆಗುತ್ತಿದ್ದರೆ ಎಲ್ಲಿಂದಲೋ ಹೆಚ್ಚಿನ ಗಾಳಿ ಒಳಗೆ ಹೋಗುತ್ತಿದೆ. ಆ ದಾರಿ ಯಾವುದೆಂದು ಕಂಡುಹಿಡಿಯುವುದಷ್ಟೇ ನಮ್ಮ ಕೆಲಸ. ಇಲ್ಲಿ ಹೇಳುವುದು ಮುಖ್ಯವಾಗಿ 2000ರ ಸುಮಾರಿಗೆ ಬಂದ ಎಂಪಿಎಫ್‌ಐ ಕಾರುಗಳಿಗೆ: ಮಾರುತಿ 800, ಆಲ್ಟೊ, ಜೆನ್, ಎಸ್ಟೀಮ್‌ನಂಥ ಕೇಬಲ್ ಥ್ರಾಟಲ್ ಗಾಡಿಗಳಿಗೆ.

ಇದು ದೋಷವೇ, ಮೊದಲು ನೋಡಿ

ತಣ್ಣಗಿರುವ ಎಂಜಿನ್ 1,200ರಿಂದ 1,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ತೋರಿಸುವುದು ಸಹಜ. ಕೂಲಂಟ್ (ಎಂಜಿನ್ ತಣಿಸುವ ದ್ರವ) ಬಿಸಿಯಾದಂತೆ ಕೆಲವೇ ನಿಮಿಷಗಳಲ್ಲಿ ಅದು 800–900ಕ್ಕೆ ಇಳಿಯಬೇಕು. ಡಿಸೆಂಬರ್ ಬೆಳಗಿನಲ್ಲಿ ಮಡಿಕೇರಿಯಲ್ಲಿ ಹೆಚ್ಚು ಹೊತ್ತು ಅಬ್ಬರಿಸುವ ಕಾರು ಮಂಗಳೂರಿಗೆ ಇಳಿದರೆ ಬೇಗ ಸುಮ್ಮನಾಗುತ್ತದೆ. ಅದು ರೋಗವಲ್ಲ. ಹತ್ತು ನಿಮಿಷ ಕಳೆದರೂ ಇಳಿಯದಿದ್ದರೆ, ಅರ್ಧ ಗಂಟೆ ಓಡಿಸಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗಲೂ 1,500ಕ್ಕೆ ಹಾರಿದರೆ, ಇಲ್ಲವೇ ಉಯ್ಯಾಲೆಯಂತೆ ಏರಿಳಿದರೆ ಮಾತ್ರ ಹುಡುಕಾಟ ಶುರುಮಾಡಿ.

ಮಾರುತಿ 800ರಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಪ್ಲಗ್ ವೈರಿಗೆ ಸುತ್ತುವ ಚಿಕ್ಕ ಡಿಜಿಟಲ್ ಮೀಟರ್ ಇದ್ದರೆ ಒಳ್ಳೆಯದು. ಅಂದಾಜಿನ ಕಿವಿ ಹಳೇ ಸೈಲೆನ್ಸರ್ ಸದ್ದಿಗೆ ಮೋಸಹೋಗುತ್ತದೆ. ಅಳೆಯುವಾಗ ಗಾಡಿ ಬಯಲಿನಲ್ಲಿರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ಎಸಿ ಮತ್ತು ಹೆಡ್‌ಲೈಟ್ ಆಫ್.

ಕೈಗೆ ಸಿಗುವುದು ಮೊದಲು

ಪೆಡಲ್ ಕೆಳಗೆ ಮಡಚಿಕೊಂಡ ಮ್ಯಾಟ್ ಇದೆಯೇ ನೋಡಿ. ನಗಬೇಡಿ, ಇದೂ ಆಗುತ್ತದೆ. ಬಾನೆಟ್ ತೆಗೆದು ಥ್ರಾಟಲ್ ಬಳಿ ಆಕ್ಸಿಲರೇಟರ್ ಕೇಬಲ್ ಅನ್ನು ಬೆರಳಿನಿಂದ ಒತ್ತಿದರೆ ತುಸು ಸಡಿಲವಿರಬೇಕು. ತಂತಿಯಂತೆ ಬಿಗಿಯಾಗಿದ್ದರೆ ಪ್ಲೇಟು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕೈಯಿಂದ ಥ್ರಾಟಲ್ ತೆರೆದು ಬಿಡಿ. ಟಕ್ ಎಂದು ಹಿಂದಕ್ಕೆ ಬಂದು ಸ್ಕ್ರೂಗೆ ಬಡಿಯಬೇಕು. ನಿಧಾನವಾಗಿ ಜಾರಿದರೆ ಒಳಗೆ ಮಸಿ ಕಟ್ಟಿದೆ, ಇಲ್ಲವೇ ಕೇಬಲ್ ತುಕ್ಕು ಹಿಡಿದಿದೆ. ಸ್ಕ್ರೂ ಮೇಲಿನ ಬಣ್ಣದ ಮುದ್ರೆ ಒಡೆದಿದ್ದರೆ ನಿಮಗಿಂತ ಮುಂಚೆಯೇ ಯಾರೋ ಅದರ ಮೇಲೆ ಕೈಯಾಡಿಸಿದ್ದಾರೆ ಎಂದು ತಿಳಿಯಿರಿ.

ಬೆರಳಿನ ಪರೀಕ್ಷೆ

ಇಷ್ಟು ಸರಿಯಿದ್ದರೆ, ಬಿಸಿಯಾದ ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್‌ನಿಂದ ಬರುವ ದಪ್ಪ ಹೋಸನ್ನು ಥ್ರಾಟಲ್ ಬಾಯಿಂದ ಬಿಡಿಸಿ. ಪ್ಲೇಟಿನ ಈಚೆ ಒಂದು ಚಿಕ್ಕ ತೂತು ಕಾಣುತ್ತದೆ. ಥ್ರಾಟಲ್ ಮುಚ್ಚಿದ್ದಾಗ ಐಡ್ಲಿಂಗ್‌ನ ಗಾಳಿ ಒಳಹೋಗುವುದು ಇಲ್ಲಿಂದಲೇ. ಎಂಜಿನ್ ಚಾಲೂ ಮಾಡಿ, ಬೆಲ್ಟು–ಫ್ಯಾನಿನಿಂದ ತೋಳು ದೂರವಿಟ್ಟುಕೊಂಡು, ಆ ತೂತನ್ನು ಬೆರಳಿನಿಂದ ಮುಚ್ಚಿ.

ಆರ್‌ಪಿಎಂ ಕುಸಿದು ಎಂಜಿನ್ ಆಫ್ ಆಗುವಂತಾದರೆ, ಹೆಚ್ಚಿನ ಗಾಳಿ ಆ ತೂತಿನಿಂದಲೇ ಬರುತ್ತಿದೆ: ಆ ಗಾಳಿಯನ್ನು ಹೆಚ್ಚು–ಕಡಿಮೆ ಮಾಡುವ ಐಡಲ್ ಕಂಟ್ರೋಲ್ ವಾಲ್ವ್ ತೆರೆದೇ ನಿಂತಿದೆ, ಅಥವಾ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದನ್ನು ತೆರೆದಿಟ್ಟಿದೆ. ಬೆರಳಿಟ್ಟರೂ ಅದೇ ಅಬ್ಬರ ಮುಂದುವರಿದರೆ ಗಾಳಿ ಪ್ಲೇಟಿನ ಆಚೆ ಇನ್ನೆಲ್ಲೋ ಸೋರುತ್ತಿದೆ. ಈ ಒಂದು ನಿಮಿಷದ ಪರೀಕ್ಷೆ ಅರ್ಧ ಕೆಲಸ ಉಳಿಸುತ್ತದೆ.

ಸೋರಿಕೆ

ಹಳೇ ರಬ್ಬರ್ ಪೈಪುಗಳು ಬಾನೆಟ್ ಒಳಗಿನ ಬಿಸಿಗೆ ಗಟ್ಟಿಯಾಗಿ, ಹೆಚ್ಚಾಗಿ ತುದಿಯಲ್ಲೇ ಸೀಳುತ್ತವೆ. ಮಾರುತಿ 800, ಆಲ್ಟೊಗಳು ಮ್ಯಾನಿಫೋಲ್ಡ್ (ಥ್ರಾಟಲ್ ಕಡೆಯಿಂದ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆ) ಒತ್ತಡವನ್ನು ಅಳೆದು ಪೆಟ್ರೋಲ್ ಬಿಡುತ್ತವೆ. ಸೋರಿದ ಗಾಳಿಯೂ ಒತ್ತಡದ ಲೆಕ್ಕಕ್ಕೆ ಸೇರಿಕೊಂಡು ಇಸಿಯು ಅದಕ್ಕೂ ಪೆಟ್ರೋಲ್ ಕೊಡುತ್ತದೆ. ಹಾಗಾಗಿ ಈ ಕಾರುಗಳು ಸೋರಿಕೆಯಿದ್ದರೆ ನಡುಗುವುದಕ್ಕಿಂತ ರೇಸ್ ಆಗುವುದೇ ಹೆಚ್ಚು. ವೇಗ ತೀರಾ ಏರಿದಾಗ ಇಸಿಯು ಪೆಟ್ರೋಲ್ ಕಡಿತ ಮಾಡುತ್ತದೆ, ಇಳಿದಾಗ ಮತ್ತೆ ಕೊಡುತ್ತದೆ. ಉಯ್ಯಾಲೆಗೆ ಕಾರಣ ಅದೇ.

ಪೈಪುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಬಟ್ಟೆ ಸುತ್ತಿ ಒತ್ತಿಹಿಡಿಯಿರಿ. ಯಾವುದನ್ನು ಒತ್ತಿದಾಗ ಸದ್ದು ಇಳಿಯಿತೋ ಆ ಸಾಲಿನಲ್ಲೇ ದೋಷ. ಬ್ರೇಕ್ ಬೂಸ್ಟರ್‌ನ (ಬ್ರೇಕ್ ತುಳಿಯುವುದನ್ನು ಹಗುರಾಗಿಸುವ ಡಬ್ಬಿ) ದಪ್ಪ ಪೈಪು, ಎಂಜಿನ್ ಒಳಗಿನ ಹೊಗೆಯನ್ನು ಮ್ಯಾನಿಫೋಲ್ಡಿಗೆ ಬಿಡುವ ಪಿಸಿವಿ ವಾಲ್ವ್ ಪೈಪು ಎರಡನ್ನೂ ಮರೆಯಬೇಡಿ. ಬ್ರೇಕ್ ತುಳಿದಾಗ ಐಡ್ಲಿಂಗ್ ಬದಲಾಗಿಯೇ ಉಳಿದರೆ ಬೂಸ್ಟರ್ ಡಯಾಫ್ರಮ್ ಹರಿದಿರಬಹುದು. ಹಾಗಿದ್ದರೆ ಐಡ್ಲಿಂಗ್ ಚಿಂತೆ ಬಿಟ್ಟು ಮೊದಲು ಬ್ರೇಕ್ ನೋಡಿಸಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಬುಡದ ಓ-ರಿಂಗ್‌ಗಳ ಸುತ್ತ ಸ್ಪ್ರೇ ಬಾಟಲಿಯಿಂದ ಸೋಪಿನ ನೀರನ್ನು ಸಣ್ಣದಾಗಿ ಚಿಮುಕಿಸಿದರೆ, ಸೋರುವ ಜಾಗದಲ್ಲಿ ನೀರು ಒಳಗೆಳೆದುಕೊಂಡು ಒಂದು ಕ್ಷಣ ಸದ್ದು ಬದಲಾಗುತ್ತದೆ. ಕಾರ್ಬ್ ಕ್ಲೀನರ್ ಹೊಡೆದು ನೋಡುವ ರೂಢಿ ಇದೆ, ಆದರೆ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಹೊಸ ಪೈಪು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಸಿಗುತ್ತದೆ. ವ್ಯಾಕ್ಯೂಮ್ ಪೈಪನ್ನೇ ಕೇಳಿ. ಮೆತ್ತನೆಯ ನೀರಿನ ಪೈಪು ಎಳೆತಕ್ಕೆ ಚಪ್ಪಟೆಯಾಗುತ್ತದೆ.

ತಣ್ಣಗಿದ್ದೇನೆ ಎಂದುಕೊಂಡ ಎಂಜಿನ್

ಬೆರಳಿಟ್ಟಾಗ ಸದ್ದು ಇಳಿದಿದ್ದರೆ ಕೂಲಂಟ್ ಕಡೆ ತಿರುಗಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆಯಿರಿ, ಕೂಲಂಟ್ ಬಾಯಿಮಟ್ಟ ಇರಬೇಕು. ಕೆಲವು ಕಾರುಗಳ ಥ್ರಾಟಲ್ ಬಾಡಿಯಲ್ಲಿ ಮೇಣ ತುಂಬಿದ ವಾಲ್ವ್ ಒಂದಿದೆ. ಕೂಲಂಟ್ ಬಿಸಿಗೆ ಮೇಣ ಉಬ್ಬಿ ಹೆಚ್ಚುವರಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಕೂಲಂಟ್ ಕಡಿಮೆಯಿದ್ದರೆ ಅಥವಾ ಏರ್‌ಲಾಕ್ ಆದರೆ (ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ) ಬಿಸಿ ಅಲ್ಲಿಗೆ ತಲುಪುವುದೇ ಇಲ್ಲ, ದಾರಿ ತೆರೆದೇ ಇರುತ್ತದೆ. ಥ್ರಾಟಲ್ ಬಾಡಿಗೆ ಹೋಗುವ ಎರಡು ಸಣ್ಣ ಹೋಸುಗಳನ್ನು ಮುಟ್ಟಿ ನೋಡಿ: ಗಾಡಿ ಬಿಸಿಯಾದಾಗ ಎರಡೂ ಬಿಸಿಯಿರಬೇಕು.

ನಮ್ಮಲ್ಲಿ ಇನ್ನೊಂದು ಹಳೇ ಚಟ, ನಮ್ಮ ಸೆಕೆಗೆ ಬೇಡವೆಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತೆಸೆಯುವುದು. ಕಿತ್ತ ಮೇಲೆ ಕೂಲಂಟ್ ಸದಾ ರೇಡಿಯೇಟರ್ ಸುತ್ತಿ ಬರುತ್ತದೆ, ಎಂಜಿನ್ ಬಿಸಿಯೇರಲು ತಡವಾಗುತ್ತದೆ, ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಕೆಳಗೇ ತೂಗುತ್ತದೆ. ಐಡ್ಲಿಂಗ್ ಮೇಲೇ, ಪೆಟ್ರೋಲ್ ಖರ್ಚೂ ಮೇಲೇ. ಸೆಕೆಂಡ್‌ಹ್ಯಾಂಡ್ ಕಾರಾದರೆ ಅದು ಒಳಗಿದೆಯೇ ಎಂದು ತೆಗೆದೇ ನೋಡಬೇಕು.

ಆಮೇಲೆ ಕೂಲಂಟ್ ಬಿಸಿ ಅಳೆಯುವ ಸೆನ್ಸರ್. ಮೀಟರಿನ ಮುಳ್ಳಿಗೊಂದು, ಇಸಿಯುಗೊಂದು ಪ್ರತ್ಯೇಕ ಸೆನ್ಸರ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ವೈರಿನದು ಮುಳ್ಳಿನದು, ಎರಡು ವೈರಿನದು ಇಸಿಯುನದು. ಮುಳ್ಳು ಸರಿ ತೋರಿಸಿದ ಮಾತ್ರಕ್ಕೆ ಇಸಿಯುಗೆ ಸರಿಯಾದ ಸುದ್ದಿ ಹೋಗುತ್ತಿದೆ ಎಂದಲ್ಲ. ಎರಡು ವೈರಿನದನ್ನು ಬಿಚ್ಚಿ, ಮಲ್ಟಿಮೀಟರನ್ನು ಓಮ್ಸ್‌ನಲ್ಲಿಟ್ಟು ತುದಿಗಳಿಗೆ ಹಿಡಿಯಿರಿ. ಪಾತ್ರೆಯ ನೀರಿನಲ್ಲಿ ಲೋಹದ ಮೂತಿಯಷ್ಟೇ ಮುಳುಗಿಸಿ ಒಲೆಯ ಮೇಲಿಡಿ. 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ 0.2ರಿಂದ 0.4 ಕಿಲೋಓಮ್ ಬರಬೇಕು. ನೀರು ಕುದಿಯುತ್ತಿದ್ದರೂ ಅಂಕಿ 2 ಕಿಲೋಓಮ್‌ನಲ್ಲೇ ನಿಂತಿದ್ದರೆ, ಇಸಿಯು ಪಾಪ ಇಡೀ ದಿನ ಮುಂಜಾನೆ ಎಂದೇ ನಂಬಿರುತ್ತದೆ. ಸೆನ್ಸರ್ ಬದಲಿಸಿ. ಅದಕ್ಕೂ ಮುಂಚೆ ಕನೆಕ್ಟರ್‌ನ ಹಸಿರು ಕಿಲುಬನ್ನು ಕೆರೆದು ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ.

ವಾಲ್ವ್ ತೊಳೆಯುವುದು

ಇವೆಲ್ಲ ಸರಿಯಿದ್ದರೆ ಐಡಲ್ ವಾಲ್ವ್ ಬಿಚ್ಚಿ ಥ್ರಾಟಲ್ ಬಾಡಿ ಕ್ಲೀನರ್‌ನಿಂದ ಮಸಿ ತೊಳೆಯಿರಿ. ಮೋಟಾರ್ ಭಾಗವನ್ನು ದ್ರವದಲ್ಲಿ ನೆನೆಸಬೇಡಿ, ಮೂತಿಯನ್ನು ಕೈಯಿಂದ ಬಲವಾಗಿ ಎಳೆಯಬೇಡಿ. ಗ್ಯಾಸ್ಕೆಟ್ ಹೊಸದೇ ಹಾಕಿ. ಥ್ರಾಟಲ್ ಎಷ್ಟು ತೆರೆದಿದೆ ಎಂದು ಇಸಿಯುಗೆ ಹೇಳುವ ಥ್ರಾಟಲ್ ಪೊಸಿಷನ್ ಸೆನ್ಸರ್‌ನ ಸಿಗ್ನಲ್ ವೈರ್ ಪೆಡಲ್ ಬಿಟ್ಟಾಗ ಸುಮಾರು ಅರ್ಧ ವೋಲ್ಟ್ ತೋರಿಸಬೇಕು. ಅದು 1 ವೋಲ್ಟ್ ದಾಟಿದ್ದರೆ ನೀವು ಕಾಲಿಟ್ಟಿದ್ದೀರಿ ಎಂದೇ ಇಸಿಯು ಭಾವಿಸುತ್ತದೆ.

ತೊಳೆದ ಮೇಲೆ ಐಡ್ಲಿಂಗ್ ಮೊದಲಿಗಿಂತಲೂ ಏರಿದರೆ ಗಾಬರಿ ಬೇಡ. ಮಸಿಗೆ ಹೊಂದಿಕೊಂಡಿದ್ದ ಇಸಿಯು ಹಳೇ ಲೆಕ್ಕದಲ್ಲೇ ಗಾಳಿ ಬಿಡುತ್ತಿರುತ್ತದೆ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಹದಿನೈದು ನಿಮಿಷ ಬಿಚ್ಚಿಟ್ಟು ಸೇರಿಸಿ, ಪೆಡಲ್ ಮುಟ್ಟದೆ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಆಮೇಲೆ ಎಸಿ ಹಾಕಿ ಇನ್ನೈದು ನಿಮಿಷ.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರ್ಬ್ಯುರೇಟರ್ ಕಾರುಗಳ ಕಥೆ ಚಿಕ್ಕದು. ಏರ್ ಕ್ಲೀನರ್ ತೆಗೆದು, ಚೋಕ್ ಗುಬ್ಬಿಯನ್ನು ಪೂರ್ತಿ ಒಳಕ್ಕೆ ತಳ್ಳಿ, ಕಾರ್ಬ್ಯುರೇಟರ್ ಮೇಲಿನ ಚೋಕ್ ಲಿವರ್ ಕೊನೆವರೆಗೆ ಹಿಂದಿರುಗಿತೇ ನೋಡಿ. ಕೇಬಲ್ ಕ್ಲಿಪ್ ಜಾರಿದ್ದರೆ ಅದು ಅರ್ಧಕ್ಕೇ ನಿಂತಿರುತ್ತದೆ, ಜೊತೆಗೆ ಥ್ರಾಟಲ್ ಕೂಡ ತುಸು ತೆರೆದಿರುತ್ತದೆ. ಅದು ಸರಿಯಿದ್ದರೆ ಥ್ರಾಟಲ್ ಶಾಫ್ಟನ್ನು ಹಿಡಿದು ಅಲುಗಿಸಿ. ಗಡಗಡ ಎಂದರೆ ಸವೆದ ಸಂದಿಯಿಂದಲೇ ಗಾಳಿ ನುಗ್ಗುತ್ತಿದೆ, ಬುಷ್ (ಶಾಫ್ಟ್ ಕೂರುವ ಬಳೆ) ಹಾಕಿಸಬೇಕು. ಈ ಕಾರುಗಳ ಸ್ಕ್ರೂ ನಿಜಕ್ಕೂ ಐಡ್ಲಿಂಗ್ ಹೊಂದಿಸಲೆಂದೇ ಇರುವುದು, ಆದರೆ ಅದರ ಸರದಿ ಬುಷ್ ಆದ ಮೇಲೆ.