ಪಲ್ಸ್ಡ್ ಗ್ಯಾಸ್ ಲೇಸರ್ ಡಿಸೈನ್: ಮೊದ್ಲು ಗ್ಯಾಸ್ ಲೂಪ್ ಲೆಕ್ಕ ಹಾಕಿ

ಪಲ್ಸ್ಡ್ (ಬಿಟ್ಟು ಬಿಟ್ಟು ಬೆಳಕು ಹೊಡಿಯೋ) ಕಾರ್ಬನ್ ಡೈಆಕ್ಸೈಡ್ ಲೇಸರ್ ಡಿಸೈನ್ ಅಂದ ತಕ್ಷಣ ತುಂಬಾ ಜನ ಕೆಪಾಸಿಟರ್, ಸ್ವಿಚ್, ಎಲೆಕ್ಟ್ರೋಡ್ ಹಿಡ್ಕೊಂಡು ಕೂತ್ಬಿಡ್ತಾರೆ. ದಯವಿಟ್ಟು ಗ್ಯಾಸ್ ಸುತ್ತಿ ಸುತ್ತಿ ಓಡಾಡೋ ಮುಚ್ಚಿದ ದಾರಿ, ಅಂದ್ರೆ ಲೂಪಿಂದ ಶುರು ಮಾಡಿ. ಆಗೊಂದು ಈಗೊಂದು ಪಲ್ಸ್ ಸಾಕು ಅಂದ್ರೆ ಗ್ಯಾಸ್ ನಿಂತಲ್ಲೇ ನಿಂತಿದ್ರೂ ನಡಿಯತ್ತೆ, ಸೆಕೆಂಡಿಗೆ 100 ಬೇಕು ಅಂದ್ರೆ ಎಲ್ಲಾ ನಿರ್ಧಾರ ಆಗೋದು ಆ ಲೂಪಲ್ಲೇ.

ಯಾಕೆ ಅಂತ ನೋಡಿ. ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ಹೀಲಿಯಂ 1:1:8 ಮಿಕ್ಸ್, ವಾತಾವರಣದ ಒತ್ತಡ, ಲೀಟರಿಗೆ 100 ಜೂಲ್ ಕರೆಂಟ್ ಎನರ್ಜಿ ಹಾಕಿದ್ರೆ ಬೆಳಕಾಗಿ ಹೊರಗೆ ಬರೋದು ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ, ಮಿಕ್ಕಿದ್ದು ಶಾಖ ಆಗಿ ಗ್ಯಾಸ್ ಸುಮಾರು 100 ಡಿಗ್ರಿ ಮೇಲೇರತ್ತೆ, ಬಿಸಿಯಾದ ಕಡೆ ಸಾಂದ್ರತೆ ಕಾಲು ಭಾಗ ಇಳಿಯತ್ತೆ, ಮುಂದಿನ ಪಲ್ಸಿಗೆ ಕರೆಂಟೆಲ್ಲ ಆ ತೆಳು ಜಾಗಕ್ಕೇ ನುಗ್ಗಿ ಸಮನಾದ ಗ್ಲೋ (ಎಲ್ಲಾ ಕಡೆ ಹರಡಿದ ಹೊಳಪು) ಹೋಗಿ ಆರ್ಕ್ (ಒಂದೇ ಕಡೆ ಕಿಡಿ) ಹೊಡಿಯತ್ತೆ.

ಹಾಗಾಗಿ ಎರಡು ಪಲ್ಸ್ ಮಧ್ಯೆ ಎಲೆಕ್ಟ್ರೋಡ್ ನಡುವಿನ ಗ್ಯಾಸ್ ಪೂರ್ತಿ ಬದಲಾಗ್ಬೇಕು, ಒಂದ್ಸಲ ಸಾಲಲ್ಲ, ಎರಡು ಮೂರು ಸಲ ಬದಲಾಗೋ ಹಾಗೆ ಇಟ್ಕೊಳ್ಳಿ. ಡಿಸ್ಚಾರ್ಜ್ (ಗ್ಯಾಸಲ್ಲಿ ಕರೆಂಟ್ ಹರಿಯೋ ಜಾಗ) ಗ್ಯಾಸ್ ಹರಿಯೋ ದಿಕ್ಕಲ್ಲಿ ಅಗಲ 3 ಸೆಂ.ಮೀ., ಎಲೆಕ್ಟ್ರೋಡ್ ನಡುವಿನ ಗ್ಯಾಪ್ 3 ಸೆಂ.ಮೀ., ಉದ್ದ 50 ಸೆಂ.ಮೀ. ಅನ್ಕೊಳ್ಳಿ. 3 ಸಲ ಬದಲಾಗ್ಬೇಕು, 100 ಹರ್ಟ್ಝ್ (ಸೆಕೆಂಡಿಗೆ 100 ಪಲ್ಸ್), ಅಂದ್ರೆ ಗ್ಯಾಸಿನ ವೇಗ ಸೆಕೆಂಡಿಗೆ 9 ಮೀಟರ್, ಫ್ಯಾನ್ ತಳ್ಬೇಕಾದ್ದು ಸೆಕೆಂಡಿಗೆ 135 ಲೀಟರ್, ಹೀಟ್ ಎಕ್ಸ್‌ಚೇಂಜರ್ ಎಳೀಬೇಕಾದ ಶಾಖ ಸುಮಾರು 4 ಕಿಲೋವಾಟ್. ಈ ಮೂರು ಸಂಖ್ಯೆ ಕೈಲಿಲ್ದೇ ಎಲೆಕ್ಟ್ರೋಡ್ ಕಟ್ ಮಾಡ್ಸೋಕೆ ಹೋಗ್ಬೇಡಿ. ಎಕ್ಸ್‌ಚೇಂಜರನ್ನ ಡಿಸ್ಚಾರ್ಜ್ ದಾಟಿದ ಮೇಲೆ, ಫ್ಯಾನಿಗಿಂತ ಮುಂಚೆ ಇಟ್ರೆ ಬೇರಿಂಗಿಗೆ ತಂಪು ಗ್ಯಾಸ್ ಸಿಗತ್ತೆ. ತಿರುವುಗಳಲ್ಲಿ ವೇನ್ (ಹರಿವನ್ನ ತಿರುಗಿಸೋ ಬಾಗಿದ ತಗಡು) ಹಾಕಿ, ಎಲೆಕ್ಟ್ರೋಡ್ ಪಕ್ಕ ಸುಳಿ ಕಟ್ಟೋ ಮೂಲೆ ಬಿಡ್ಬೇಡಿ. ಪ್ರತಿ ಪಲ್ಸೂ ಒತ್ತಡದ ಅಲೆ ಎಬ್ಬಿಸತ್ತೆ, ಅದು ಗೋಡೆಗೆ ಬಡಿದು ವಾಪಸ್ ಬರದ ಹಾಗೆ ಡಕ್ಟ್ ಒಳಗೆ ತೂತಿನ ಶೀಟ್ ಹಿಂದೆ ಶಬ್ದ ಹೀರೋ ಪದರ ಕೊಡಿ.

ಅದೇ ಗ್ಯಾಸನ್ನ ಸುತ್ತಿಸಿ ಸುತ್ತಿಸಿ ಬಳಸ್ತೀವಲ್ಲ, ಕೆಮಿಸ್ಟ್ರಿ ಮರೀಬಾರ್ದು. ಡಿಸ್ಚಾರ್ಜಲ್ಲಿ ಕಾರ್ಬನ್ ಡೈಆಕ್ಸೈಡ್ ಒಡೆದು ಕಾರ್ಬನ್ ಮಾನಾಕ್ಸೈಡ್, ಆಕ್ಸಿಜನ್ ಆಗತ್ತೆ, ಈ ಆಕ್ಸಿಜನ್ ಎಲೆಕ್ಟ್ರಾನ್ ಹಿಡ್ಕೊಂಡು ಡಿಸ್ಚಾರ್ಜ್ ಕೆಡಿಸತ್ತೆ. ಲೂಪಲ್ಲಿ ಟಿನ್ ಆಕ್ಸೈಡ್ ಮೇಲೆ ಪ್ಲಾಟಿನಂ ಇರೋ ಕೆಟಲಿಸ್ಟ್ (ತಾನು ಖರ್ಚಾಗದೇ ರಿಯಾಕ್ಷನ್ ಬೇಗ ಮಾಡ್ಸೋ ವಸ್ತು) ಇಟ್ರೆ ಎರಡನ್ನೂ ವಾಪಸ್ ಸೇರಿಸತ್ತೆ. ಎಕ್ಸೈಮರ್ (ಅಲ್ಟ್ರಾವಯಲೆಟ್ ಬೆಳಕು ಕೊಡೋ ಇನ್ನೊಂದು ಬಗೆ ಗ್ಯಾಸ್ ಲೇಸರ್) ಆದ್ರೆ ಕಥೆ ಬೇರೆ, 248 ನ್ಯಾನೋಮೀಟರಿನ ಕ್ರಿಪ್ಟಾನ್ ಫ್ಲೋರೈಡಲ್ಲಿ ಫ್ಲೋರಿನ್ ಗೋಡೆ ಜೊತೆ ರಿಯಾಕ್ಟ್ ಆಗಿ ಖರ್ಚಾಗ್ತಾ ಹೋಗತ್ತೆ, ಅದನ್ನ ಆಗಾಗ ತುಂಬಿಸ್ತಾ ಇರ್ಬೇಕು, ಒಳಗೆಲ್ಲ ನಿಕಲ್ ಮತ್ತು ಅಲ್ಯೂಮಿನಾ ಸೆರಾಮಿಕ್ ಇರ್ಲಿ.

ಹೈ ವೋಲ್ಟೇಜ್ ಕೊಡೋ ಮುಂಚೆ ಬರೀ ಫ್ಯಾನ್ ಓಡಿಸಿ ಎಲೆಕ್ಟ್ರೋಡ್ ಉದ್ದಕ್ಕೂ ಗಾಳಿ ವೇಗ ಅಳೆದು ನೋಡಿ. ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನ್ ಬೆಳಕು ಕಣ್ಣಿಗೆ ಕಾಣಲ್ಲ, ಕಾರ್ನಿಯಾ ಸುಡತ್ತೆ, ಸರಿಯಾದ ಕನ್ನಡಕ ಕಡ್ಡಾಯ. ಸ್ವಿಚ್ ಆಫ್ ಆದ ಮೇಲೂ ಕೆಪಾಸಿಟರ್ ಶಾರ್ಟ್ ಮಾಡಿ ಅರ್ಥ್ ಕೊಟ್ಟಿದ್ದೀವಿ ಅಂತ ಕಣ್ಣಾರೆ ನೋಡಿದ್ಮೇಲೇ ಕೈ ಹಾಕಿ.

ಆಮೇಲೆ ಪಲ್ಸ್ ರೇಟ್ ನಿಧಾನಕ್ಕೆ ಏರಿಸ್ತಾ ಹೋಗಿ. ರೇಟ್ ಏರಿಸಿದ ಕೂಡ್ಲೇ, ಗ್ಯಾಸ್ ಹೊರಗೆ ಹೋಗೋ ಕಡೆಗೇ ಆರ್ಕ್ ಶುರುವಾದ್ರೆ ಹರಿವು ಸಾಲ್ತಿಲ್ಲ ಅಂತ ಅನುಮಾನ ಪಡಿ, ಅದೇ ರೇಟಲ್ಲಿ ಚೆನ್ನಾಗಿ ಓಡ್ತಾ ಇದ್ದು ಹೊತ್ತು ಕಳೆದಂಗೆ ಆರ್ಕ್ ಜಾಸ್ತಿ ಆದ್ರೆ ಫ್ಯಾನ್ ಮುಟ್ಬೇಡಿ, ಮೊದ್ಲು ಕೆಟಲಿಸ್ಟ್ ಮತ್ತು ಲೀಕ್ ಚೆಕ್ ಮಾಡಿ.